ಒಣಗುಡ್ಡಗಳಿಗೆ ತಕ್ಕ ಹೊದಿಕೆ ಯಾವುದು?

ಮಲೆನಾಡೆಂದರೆ ಮಳೆಯ ನಾಡು, ಅಲ್ಲಿ ಅನಾವೃಷ್ಟಿಯನ್ನು ತಾಳತಕ್ಕ ಸಸ್ಯಗಳ ವಿಚಾರವೇ ಅನಾವಶ್ಯಕ, ಎಂದು ಅನೇಕರು ಭಾವಿಸಿರುವರು. ಈ ಭಾವನೆಯು ಸರಿಯಾದುದಲ್ಲ. ಮೂಡಿಗೆರೆ, ಕಳಸದ ಸೀಮೆಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದು ನಿಜ. ಆದರೆ ಅದರ ಬಹುಭಾಗವು ಜೂನ್ ಮೊದಲುಗೊಂಡು ಸೆಪ್ಟೆಂಬರಿನವರೆಗೆ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವುದು. ಡಿಸೆಂಬರಿನಿಂದ ಹೂಮಳೆಯು ಬರುವವರೆಗೆ, ಮರದ ನೆರಳಿಲ್ಲದ ಇಳಿಜಾರು ನೆಲವು ಕಡೂರು ಸೀಮೆಯ ಹೊಲದಂತೆಯೇ ಒಣಗಿ ಬಿರಿಯುವುದು. ಒಂದೇ ಗುಡ್ಡವು ಬೇಸಗೆಯಲ್ಲಿ ಬಯಲುಸೀಮೆಯಾಗಿಯೂ ಮಳೆಗಾಲದಲ್ಲಿ ನೀರಿನ ಜಾರುದಾರಿಯಾಗಿಯೂ ಇರುವುದರಿಂದ, ಎರಡು ಕಾಲವನ್ನೂ ತಾಳತಕ್ಕ ಹೊದಿಕೆಯೇ ಅದಕ್ಕೆ ಬೇಕು.

ನಮ್ಮ ಭೂಮಾಲೀಕರು ಇಂತಹ ಸಸ್ಯವನ್ನು ಆರಿಸುವುದು ಸಾಮಾನ್ಯವಾಗಿ ಆಷಾಢ ಶ್ರಾವಣಗಳಲ್ಲಿ. ಆಗ ಕಣ್ಣಿಗೆ ಬೀಳುವುದೆಲ್ಲವೂ ಹಸಿರೇ. ಆದುದರಿಂದ ಯಾವುದು ಬೇಗ ಹಬ್ಬುವುದೋ ಅದೇ ಉತ್ತಮವೆಂದು ತೋರುವುದು. ಆರಿಸತಕ್ಕ ಕಾಲವು ಫಾಲ್ಗುಣಮಾಸವೆಂದು ನಮ್ಮ ಅಭಿಪ್ರಾಯ. ಆಗ ಗುಡ್ಡವನ್ನು ಹತ್ತಿ, ಯಾವ ಸಸ್ಯದ ಬುಡವು ಜೀವದಿಂದಿರುವುದು, ಯಾವುದರ ಬೇರು ಮಣ್ಣನ್ನು ಬಿಡದೆ ಹಿಡಿದಿರುವುದು ಎಂಬುದನ್ನು ನೋಡಬೇಕು. ಎಲೆ ಒಣಗಿದರೆ ಚಿಂತೆಯಿಲ್ಲ. ಬೇರು ಸತ್ತರೆ ಮುಂಗಾರಿನ ಮೊದಲ ರಭಸದ ಮಳೆಯೇ ಮೇಲ್ಮಣ್ಣನ್ನು ಹಳ್ಳಕ್ಕೆ ಸಾಗಿಸುವುದು. ಒಂದು ಅಂಗುಲದ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷ ಬೇಕಾಗುವುದೆಂಬುದನ್ನು ನೆನೆದರೆ ಈ ನಷ್ಟದ ಗಾತ್ರವು ತಿಳಿಯುವುದು.

ಈ ಪರೀಕ್ಷೆಯಲ್ಲಿ ಮೊದಲನೆಯ ಸ್ಥಾನವು ಲಾವಂಚಕ್ಕೆ ಸಲ್ಲತಕ್ಕದ್ದು. ಇದರ ಬೇರು ಅನುಕೂಲವಾದ ಮಣ್ಣಿನಲ್ಲಿ 10 ಅಡಿಯವರೆಗೂ ನೇರವಾಗಿ ಕೆಳಕ್ಕಿಳಿಯುವುದರಿಂದ ಬೇಸಗೆಯನ್ನು ತಾಳುವುದು. ಪಕ್ಕಕ್ಕೆ ಹೆಚ್ಚಾಗಿ ಹರಡದಿರುವುದರಿಂದ ನೆರೆಯ ಗಿಡದ ನೀರನ್ನು ಕಸಿಯುವುದು ಕಡಿಮೆ. ಇದೇನೂ ಪರದೇಶದಿಂದ ಬಂದ ಪಾಠವಲ್ಲ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಲಾವಂಚವನ್ನು ನೆಟ್ಟುಕೊಂಡು ಬಂದಿರುವರು. ವಿಶ್ವಬ್ಯಾಂಕಿನ ಕೃಷಿತಜ್ಞರಾದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಎಂಬುವರು 1980ರ ದಶಕದಲ್ಲಿ ಭಾರತದಲ್ಲಿ ಕೆಲಸಮಾಡುತ್ತಿದ್ದಾಗ ಈ ಹುಲ್ಲಿನ ಗುಣವನ್ನು ಮನಗಂಡು ಇತರ ದೇಶಗಳಿಗೂ ಪ್ರಚಾರಮಾಡಿದರು.

ನೆಡುವ ಕ್ರಮವು ಸುಲಭವಾದುದು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಸಾಗುವಂತೆ ಸಾಲನ್ನು ಗುರುತಿಸಿ, ಮೃಗಶಿರಾ ಮಳೆಯಲ್ಲಿ ಎರಡು ಮೂರು ತೆಂಡೆಗಳುಳ್ಳ ಸೀಳುಗಳನ್ನು 4ರಿಂದ 6 ಅಂಗುಲಕ್ಕೊಂದರಂತೆ ನೆಡತಕ್ಕದ್ದು. ಗುಡ್ಡವು 4ರಿಂದ 6 ಅಡಿ ಎತ್ತರ ಇಳಿದಂತೆಲ್ಲ ಇನ್ನೊಂದು ಸಾಲು ಬೇಕು. ಸಾಲಿನಲ್ಲಿ ತೆರಪು ಬಿಟ್ಟರೆ ನೀರೆಲ್ಲವೂ ಅಲ್ಲಿಯೇ ನುಗ್ಗಿ ಕೊರಕಲಾಗುವುದು. ಹಳ್ಳದ ಬಳಿ ಕೆಲವು ಬುಡಗಳನ್ನು ಮೊದಲೇ ಮಡಿಯಲ್ಲಿ ಬೆಳಸಿಕೊಂಡರೆ ಸೀಳುಗಳಿಗೆ ಹಣ ತೆರಬೇಕಾಗಿಲ್ಲ. ಸುವಾಸನೆಯ ಬೇರನ್ನು ಮಾರುವ ಆಸೆಯಿಂದ ಇಳಿಜಾರಿನ ಸಾಲುಗಳನ್ನು ಅಗೆಯಲೇಬಾರದು. ಎಲೆಯನ್ನು ಕತ್ತರಿಸಿ ಕಾಫಿ ಗಿಡದ ಬುಡಕ್ಕೆ ಹೊದಿಸಬಹುದು. ದಟ್ಟ ನೆರಳಿನಲ್ಲಿ ಲಾವಂಚವು ಸೊರಗುವುದು. ಅಲ್ಲಿ ಉದುರಿದ ತರಗೆಲೆಯೇ ಸಾಕಷ್ಟು ಹೊದಿಕೆಯಾಗಿರುವುದು.

ಸಾಲುಗಳು ಕೂಡಿಕೊಳ್ಳಲು ಎರಡು ಮೂರು ವರ್ಷ ಹಿಡಿಯುವುದರಿಂದ, ಅದುವರೆಗೆ ನಡುವಣ ನೆಲಕ್ಕೆ ಹುರುಳಿಯು ಬಹಳ ತಕ್ಕದ್ದು. ಬಿರುಮಳೆಯಲ್ಲಿ ಇದು ಕೊಳೆಯುವುದರಿಂದ ಉತ್ತರೆ ಹಸ್ತ ಮಳೆಗಳಲ್ಲಿ ಎಕರೆಗೆ 10ರಿಂದ 12 ಕಿಲೋಗ್ರಾಂ ಬೀಜವನ್ನು ಬಿತ್ತಬೇಕು. ಕೊಯ್ಲಿನಲ್ಲಿ ಬೇರುಸಹಿತ ಕೀಳದೆ ಕುಡುಗೋಲಿನಿಂದ ಕೊಯ್ದರೆ ಮಣ್ಣು ಸಡಿಲವಾಗುವುದಿಲ್ಲ. ಮೇವಿನ ಕೊರತೆಯುಳ್ಳವರು ಸ್ಟೈಲೋ ಎಂಬ ದ್ವಿದಳ ಮೇವನ್ನು ಸೇರಿಸಬಹುದು. ಅದರ ಬೀಜದ ಸಿಪ್ಪೆಯು ಗಡುಸಾದುದರಿಂದ ಬಿಸಿನೀರಿನಲ್ಲಿ ಕೆಲವು ನಿಮಿಷ ನೆನಸಿ ಬಿತ್ತತಕ್ಕದ್ದು. ಆದರೆ ಬಾಬಾಬುಡನ್‌ಗಿರಿ ಶ್ರೇಣಿಯ ನೆತ್ತಿಯಂತೆ ಸಹಜವಾದ ಹುಲ್ಲು ಗಟ್ಟಿಯಾಗಿ ನಿಂತಿರುವೆಡೆ ಹೊಸ ಬೀಜವನ್ನೇ ಒಯ್ಯಬಾರದು. ಅಲ್ಲಿರುವ ಹುಲ್ಲಿಗಿಂತ ಮಿಗಿಲಾದ ಹೊದಿಕೆಯನ್ನು ನಾವು ನೆಡಲಾರೆವು.

ಲಂಟಾನ, ಕಮ್ಯುನಿಸ್ಟ್ ಗಿಡ ಇವೂ ಬೇಸಗೆಯನ್ನು ತಾಳುವುವಲ್ಲವೆ ಎಂದು ಕೆಲವರು ಕೇಳಬಹುದು. ತಾಳುವುದು ನಿಜ, ಆದರೆ ಅವು ಹುಲ್ಲನ್ನು ಅಡಗಿಸುವುವು, ದನಗಳಿಗೆ ಮೇವಾಗವು, ಒಣಗಿದಾಗ ಬೆಂಕಿಗೆ ಸೌದೆಯಾಗುವುವು. ಆದುದರಿಂದ ಅವನ್ನು ಹೊದಿಕೆಯೆಂದು ಎಣಿಸಲಾಗದು. ಆದರೂ ಇಡೀ ಗುಡ್ಡವನ್ನು ಒಮ್ಮೆಲೇ ಬೋಳಿಸದೆ, ಪಟ್ಟಿ ಪಟ್ಟಿಯಾಗಿ ಕಿತ್ತು ಒಡನೆಯೇ ಬೇರೆ ಹೊದಿಕೆಯನ್ನು ಹಾಕಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡಗಳೇ ಜರಿದುಬಿದ್ದುವು. ಅಂತಹ ಆಳವಾದ ಕುಸಿತವನ್ನು ಯಾವ ಹುಲ್ಲೂ ತಡೆಯಲಾರದು. ಅಲ್ಲಿ ಕಡಿದಾದ ಇಳಿಜಾರನ್ನು ಅಗೆಯದಿರುವುದೂ ನೀರಿನ ಸಹಜಮಾರ್ಗವನ್ನು ಮುಚ್ಚದಿರುವುದೂ ಮುಖ್ಯ. ಹೊದಿಕೆಯು ತಡೆಯುವುದು ಪ್ರತಿವರ್ಷವೂ ಸದ್ದಿಲ್ಲದೆ ಆಗುವ ಮೇಲ್ಮಣ್ಣಿನ ನಷ್ಟವನ್ನು.

ಕೊನೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಹೊದಿಕೆಯು ನಾಶವಾಗುವುದು ಬಿಸಿಲಿನಿಂದ ಮಾತ್ರವಲ್ಲ. ಮೊದಲನೆಯ ಬೇಸಗೆಯ ಬೆಂಕಿಯೂ ಹತೋಟಿಯಿಲ್ಲದ ದನಗಳೂ ಅದಕ್ಕೆ ಬಿಸಿಲಿಗಿಂತ ದೊಡ್ಡ ಶತ್ರುಗಳು. ಒಬ್ಬ ಭೂಮಾಲೀಕನು ಎಷ್ಟೇ ಶ್ರಮಿಸಿದರೂ, ನೆರೆಯವನು ಹೊಸ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಬೆಂಕಿಯಿಟ್ಟರೆ ಆ ಶ್ರಮವೆಲ್ಲ ಒಂದು ಮಧ್ಯಾಹ್ನದಲ್ಲಿ ಬೂದಿಯಾಗುವುದು. ಆದುದರಿಂದ ಪುಷ್ಯಮಾಸದೊಳಗೆ ಊರವರನ್ನು ಸೇರಿಸಿ ಬೆಂಕಿರೇಖೆಯನ್ನು ಸವರಿಸತಕ್ಕದ್ದು. ಹೊಸದಾಗಿ ನೆಟ್ಟ ಗುಡ್ಡಕ್ಕೂ ಗೋಮಾಳಕ್ಕೂ ಎರಡು ವರ್ಷ ದನ ಬಿಡದೆ, ಹುಲ್ಲನ್ನು ಕೊಯ್ದು ಮನೆಗೆ ಒಯ್ಯುವ ಕಟ್ಟುಪಾಡನ್ನು ಮಾಡಿಕೊಳ್ಳತಕ್ಕದ್ದು. ದನವುಳ್ಳ ಬಡವರಿಗೆ ಆ ಹುಲ್ಲಿನಲ್ಲಿ ಮೊದಲ ಪಾಲು ದೊರೆಯದಿದ್ದರೆ ಈ ಕಟ್ಟುಪಾಡು ನಿಲ್ಲದು. ಸಸ್ಯವನ್ನು ಆರಿಸುವುದು ಒಬ್ಬನ ಕೆಲಸ. ಅದನ್ನು ಉಳಿಸುವುದು ಇಡೀ ಊರಿನ ಕೆಲಸ.