ಸೀಮೆಎಣ್ಣೆ ಬಿಟ್ಟ ನಾಡದೋಣಿಗೆ ಎಂಥ ಎಂಜಿನ್?

ಸೀಮೆಎಣ್ಣೆಯ ಕಾಲ ಮುಗಿಯುತ್ತಿದೆ ಎಂಬುದನ್ನು ಕರಾವಳಿಯ ನಾಡದೋಣಿ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೇಂದ್ರದ ಹಂಚಿಕೆ ವರ್ಷದಿಂದ ವರ್ಷಕ್ಕೆ ಇಳಿದಿದೆ, ಬಂದದ್ದೂ ಹೊತ್ತಿಗೆ ಸರಿಯಾಗಿ ಕೈಸೇರುವುದಿಲ್ಲ. ಹಳೆಯ ಎಂಜಿನ್ ಬದಲಿಸಿಕೊಳ್ಳಲು ತಲಾ 50 ಸಾವಿರ ರೂಪಾಯಿ ಸಹಾಯಧನ ಕೊಡುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಇದು ಬೇಕಾಗಿದ್ದ ನೆರವು. ಆದರೆ ಯಾವ ದೋಣಿಗೆ ಯಾವ ಎಂಜಿನ್, ಅದಕ್ಕೆ ಎಂಥ ಫ್ಯಾನ್ (ಪ್ರೊಪೆಲ್ಲರ್), ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬುದನ್ನೆಲ್ಲ ಅಂಗಡಿಯವನ ಮಾತಿಗೆ ಬಿಟ್ಟುಬಿಟ್ಟರೆ, ಈ ಹಣ ಮೀನುಗಾರನ ಮನೆಯಲ್ಲಿ ಉಳಿಯದೆ ಪೆಟ್ರೋಲ್ ಬಂಕಿಗೆ ಹೋಗುತ್ತದೆ.

ಎಂಜಿನ್ ಕೊಳ್ಳಲು ಹೋದವರ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ?’ ಎಂಬುದೇ. ಅದಕ್ಕೆ ಕಾರಣವೂ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿ ಮೀರಿದ ಎಂಜಿನ್ ಕಟ್ಟಿಕೊಂಡ ದೋಣಿಗಳಿಗೂ ಅದೇ ನಿಷೇಧ. ಉಪ್ಪುಂದ, ಮರವಂತೆ, ಗಂಗೊಳ್ಳಿ ಕಡೆಯ ನಾಡದೋಣಿಗಳಿಗೆ ಆ ಎರಡು ತಿಂಗಳೇ ಸುಗ್ಗಿ. ತೂಫಾನ್ ಎದ್ದು ಕಡಲು ಕಲಕಿ, ಮತ್ತೆ ತಣ್ಣಗಾದ ಮೇಲೆ ಬೂತಾಯಿ, ಬಂಗುಡೆ, ಸಿಗಡಿ ದಡದತ್ತ ಬರುವ ಹೊತ್ತು ಅದು. ಹಾಗಾಗಿ 9.9 ಎಚ್‌ಪಿ ಎಂಬುದು ಇಲ್ಲಿ ಅನೇಕರ ಪಾಲಿಗೆ ಆಯ್ಕೆಗಿಂತ ಹೆಚ್ಚಾಗಿ ಕಾನೂನು ಹಾಕಿದ ಗೆರೆ. ಎಚ್‌ಪಿ ಎಷ್ಟೆಂಬುದು ಮೊದಲೇ ತೀರ್ಮಾನವಾಗಿರುವಾಗ ಆ 9.9ರೊಳಗೇ ದೋಣಿಗೆ ಹೊಂದುವುದು ಯಾವುದು ಎಂದು ನೋಡಬೇಕು. ಒಂದೇ ಎಚ್‌ಪಿಯ ಎರಡು ಎಂಜಿನ್‌ಗಳು ಒಂದೇ ದೋಣಿಯನ್ನು ಬೇರೆ ಬೇರೆ ಖರ್ಚಿನಲ್ಲಿ ಓಡಿಸುತ್ತವೆ.

ಬಲೆ, ಮಂಜುಗಡ್ಡೆ, ಆಳುಗಳನ್ನು ಹೊತ್ತ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಪ್ರವಾಸಿಗರ ಸ್ಪೀಡ್ ಬೋಟಿನಂತೆ ನೀರಿನ ಮೇಲೇರಿ ಜಾರುವುದಿಲ್ಲ. ಹೀಗೆ ಸೀಳಿ ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದ 25 ಅಡಿಯಿದ್ದರೆ ಆ ಮಿತಿ ಹತ್ತಿರಹತ್ತಿರ 6.7 ನಾಟ್, ಅಂದರೆ ಗಂಟೆಗೆ 12 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅದರ ಹತ್ತಿರ ಹೋದಂತೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ, ಇಂಧನ ಉರಿಯುತ್ತದೆ, ವೇಗ ಮಾತ್ರ ಏರುವುದಿಲ್ಲ. ಬೇಕಾದ ಶಕ್ತಿ ಸುಮಾರಾಗಿ ವೇಗದ ಘನದ ಲೆಕ್ಕದಲ್ಲಿ ಏರುವುದರಿಂದ, ವೇಗವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಎಂಜಿನ್‌ನ ಹೊರೆ ಕಾಲು ಪಾಲಿಗಿಂತ ಹೆಚ್ಚು ತಗ್ಗುತ್ತದೆ. ಮೀನು ಕಂಡಾಗ ಎಲ್ಲರಿಗಿಂತ ಮೊದಲು ಅಲ್ಲಿ ಮುಟ್ಟಬೇಕೆಂಬ ಅವಸರ ಸಹಜ, ಅದನ್ನು ತಪ್ಪೆನ್ನಲಾರೆ. ಆದರೆ ಬರಿಗೈಯಲ್ಲಿ ಮರಳುವಾಗಲೂ ಅದೇ ವೇಗದಲ್ಲಿ ಬರಬೇಕಿಲ್ಲ.

ಎಲ್ಲಕ್ಕಿಂತ ಕಡೆಗಣನೆಗೆ ಒಳಗಾಗಿರುವುದು ಫ್ಯಾನ್. ಪ್ರೊಪೆಲ್ಲರ್ ಅನ್ನು ನಮ್ಮ ಬಂದರುಗಳಲ್ಲಿ ಕರೆಯುವುದು ಹಾಗೆ. ಅದರ ಮೇಲೆ ಎರಡು ಅಳತೆಗಳನ್ನು ಕೊರೆದಿರುತ್ತಾರೆ. ಒಂದು ವ್ಯಾಸ, ಇನ್ನೊಂದು ಪಿಚ್, ಅಂದರೆ ಒಂದು ಸುತ್ತಿಗೆ ಫ್ಯಾನ್ ಎಷ್ಟು ಇಂಚು ಮುಂದೆ ಸಾಗಬೇಕೆಂಬ ಲೆಕ್ಕ. ಪೆಟ್ಟಿಗೆಯಲ್ಲಿ ಎಂಜಿನ್ ಜೊತೆ ಬರುವ ಫ್ಯಾನ್ ಅನೇಕ ವೇಳೆ ಹಗುರ ದೋಣಿಗೆ ಹೊಂದುವ, ಹೆಚ್ಚು ಪಿಚ್‌ನದು. ಭಾರದ ದೋಣಿಗೆ ಅದನ್ನೇ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ. ಕಂಪನಿಯ ಕೈಪಿಡಿ ಪೂರ್ತಿ ಆಕ್ಸಿಲರೇಟರ್‌ನಲ್ಲಿ ನಿಮಿಷಕ್ಕೆ 5,000ದಿಂದ 6,000 ಸುತ್ತು ಇರಬೇಕೆಂದರೆ ಅದು 4,300ಕ್ಕೇ ನಿಂತುಬಿಡುತ್ತದೆ. ದುಡ್ಡು ಕೊಟ್ಟು ಕೊಂಡ 9.9 ಎಚ್‌ಪಿ ಪೂರ್ತಿಯಾಗಿ ಸಿಗುವುದೇ ಇಲ್ಲ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 200 ಸುತ್ತು ಏರುತ್ತದೆ. ಇದನ್ನು ಅಳೆಯಲು ಸ್ಪಾರ್ಕ್ ಪ್ಲಗ್‌ನ ವಯರಿಗೆ ಸುತ್ತುವ ಚಿಕ್ಕ ಆರ್‌ಪಿಎಂ ಮೀಟರ್ ಸಾಕು.

ಈ ಮಾತು ಹೊಸದಲ್ಲ. ನೌಕಾ ವಿನ್ಯಾಸಕಾರ ಓಯ್ವಿಂಡ್ ಗುಲ್‌ಬ್ರಾಂಡ್ಸನ್ ಅವರು ‘ಬಂಗಾಳ ಕೊಲ್ಲಿ ಕಾರ್ಯಕ್ರಮ’ ಎಂಬ ಮೀನುಗಾರಿಕಾ ಯೋಜನೆಗಾಗಿ ಸಣ್ಣ ಮೀನುಗಾರಿಕಾ ದೋಣಿಗಳ ಇಂಧನ ಖರ್ಚು ತಗ್ಗಿಸುವ ಬಗ್ಗೆ ಬರೆದ ಕೈಹೊತ್ತಿಗೆ ಮದರಾಸಿನಿಂದ ಪ್ರಕಟವಾದದ್ದು 1986ರಲ್ಲಿ. ದೊಡ್ಡ ವ್ಯಾಸದ ಫ್ಯಾನ್ ನಿಧಾನವಾಗಿ ತಿರುಗಿದರೆ ಅದೇ ಇಂಧನದಲ್ಲಿ ದೋಣಿ ಹೆಚ್ಚು ದೂರ ಹೋಗುತ್ತದೆ ಎಂಬುದು ಸಣ್ಣ ದೋಣಿಗಳ ವಿನ್ಯಾಸದಲ್ಲಿ ಸಾಬೀತಾದ ಸಂಗತಿ. ಕಂಪನಿಗಳು ಕೆಲವು ಮಾದರಿಗಳನ್ನು ಹೈ ಥ್ರಸ್ಟ್ ಎಂದು ಮಾರುವುದು ಇದೇ ತತ್ವದ ಮೇಲೆ: ಎಚ್‌ಪಿ ಅಷ್ಟೇ, ಗೇರ್ ಮಾತ್ರ ಬೇರೆ, ಫ್ಯಾನ್ ದೊಡ್ಡದು. ನಾಡದೋಣಿಗೆ ಬೇಕಾದದ್ದು ಇಂಥದ್ದು.

ಶಾಫ್ಟ್‌ನ ಉದ್ದವನ್ನೂ ನೋಡಿಕೊಳ್ಳಬೇಕು. 15 ಇಂಚಿನದು ಗಿಡ್ಡ, 20ರದು ಉದ್ದ. ದೋಣಿಯ ಹಿಂಬದಿ ಎತ್ತರವಿದ್ದು ಶಾಫ್ಟ್ ಗಿಡ್ಡವಾದರೆ ಅಲೆ ಇಳಿದಾಗ ಫ್ಯಾನ್ ಗಾಳಿಯನ್ನು ಕಡೆಯುತ್ತದೆ. ಅಳಿವೆ ದಾಟುವಾಗ ಹಾಗಾದರೆ ಅದು ಜೀವದ ಪ್ರಶ್ನೆ.

ಇನ್ನು ಟು ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂಬ ವಾದ. ಕಾರ್ಬುರೇಟರ್ ಇರುವ ಹಳೆಯ ಬಗೆಯ ಟು ಸ್ಟ್ರೋಕ್ ಎಂಜಿನ್ ಕುಡಿದ ಇಂಧನದಲ್ಲಿ ಶೇ 20ರಿಂದ 30ರಷ್ಟನ್ನು ಉರಿಸದೆಯೇ ನೀರಿಗೆ ಬಿಡುತ್ತದೆ. ಮೀನು ಮರಿ ಮಾಡುವ ದಡದ ನೀರಿಗೇ ಅದು ಸೇರುತ್ತದೆ. ಫೋರ್ ಸ್ಟ್ರೋಕ್‌ನಿಂದ ಗಂಟೆಗೆ ಒಂದೇ ಒಂದು ಲೀಟರ್ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಐದು ಗಂಟೆ, ವರ್ಷಕ್ಕೆ 200 ದಿನ ಓಡಿದರೆ 1,000 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ ಒಂದು ಲಕ್ಷ. ಸರ್ಕಾರದ ಸಹಾಯಧನದ ಎರಡರಷ್ಟು ಮೊತ್ತ ಒಂದೇ ವರ್ಷದಲ್ಲಿ. ಪೆಟ್ರೋಲಿಗೆ ಬೆರೆಸಬೇಕಾದ ಆಯಿಲ್‌ನ ಖರ್ಚು ಉಳಿಯುವುದು ಬೇರೆ. ಸಬ್ಸಿಡಿ ಸೀಮೆಎಣ್ಣೆ ಅಗ್ಗವಾಗಿದ್ದಾಗ ಈ ಸೋರಿಕೆ ಕಣ್ಣಿಗೆ ಬೀಳುತ್ತಿರಲಿಲ್ಲ. ಪೆಟ್ರೋಲಿಗೆ ಬಂದ ಮೇಲೂ ಟು ಸ್ಟ್ರೋಕ್‌ನಲ್ಲೇ ಉಳಿದರೆ ಮೀನುಗಾರ ಎರಡೂ ಕಡೆ ಸೋಲುತ್ತಾನೆ.

ಹಾಗೆಂದು ಟು ಸ್ಟ್ರೋಕ್ ಬೇಕೆನ್ನುವವರನ್ನು ಹಳಬರೆಂದು ತಳ್ಳಿಹಾಕುವುದು ಅನ್ಯಾಯ. ಅದು ಹಗುರ. 9.9 ಎಚ್‌ಪಿಯ ಫೋರ್ ಸ್ಟ್ರೋಕ್ 40 ಕೆ.ಜಿ. ಆಸುಪಾಸು ತೂಗುತ್ತದೆ, ಬಂದರಿಲ್ಲದ ಊರಲ್ಲಿ ದಿನವೂ ಅದನ್ನು ಕಳಚಿ ಮರಳಿನ ಮೇಲೆ ಹೊರಬೇಕು. ತಪ್ಪು ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಸಿಲಿಂಡರ್‌ಗೆ ಇಳಿಯುತ್ತದೆ. ಮೊದಲ 20 ಗಂಟೆ ಓಡಿದ ಮೇಲೆ ಒಮ್ಮೆ, ಆಮೇಲೆ ಪ್ರತಿ 100 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಅಳಿವೆಯಲ್ಲಿ ದೋಣಿ ಮಗುಚಿ ಎಂಜಿನ್ ಮುಳುಗಿದರೆ ಟು ಸ್ಟ್ರೋಕ್ ಅನ್ನು ದಡದಲ್ಲೇ ಬಿಚ್ಚಿ ಒರೆಸಿ ಮತ್ತೆ ಚಾಲೂ ಮಾಡುವ ಕೈಗಳು ಊರೂರಲ್ಲಿವೆ. ಫೋರ್ ಸ್ಟ್ರೋಕ್‌ಗೆ, ಅದರಲ್ಲೂ ಇಂಜೆಕ್ಷನ್ ಮಾದರಿಗೆ, ಅಂಥ ಕೈಗಳು ವಿರಳ. ಈ ಭಯ ನಿಜವಾದದ್ದು, ಅದಕ್ಕೆ ಉತ್ತರ ವ್ಯವಸ್ಥೆಯಿಂದ ಬರಬೇಕು.

ಇದಕ್ಕೊಂದು ಹೊಸ ತೊಡಕೂ ಸೇರಿಕೊಂಡಿದೆ. ದೇಶದ ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ದೋಣಿಯ ಹಿಂಬದಿಗೆ ಕಟ್ಟುವ ಇಂಥ ಔಟ್‌ಬೋರ್ಡ್ ಎಂಜಿನ್‌ಗಳ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವುದು ಶೇ 10ರವರೆಗೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ; ಮಳೆಗಾಲದ ಕಡಲಲ್ಲಿ ತೇವಕ್ಕೇನು ಕೊರತೆ? ನೀರಿನಂಶ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಎಂಜಿನ್‌ಗೆ ಹೋಗುವ ಪೈಪು ಇಂಧನ ಎಳೆಯುವುದು ಆ ತಳದಿಂದಲೇ. ಟು ಸ್ಟ್ರೋಕ್‌ನಲ್ಲಾದರೆ ಆ ಪದರದಲ್ಲಿ ಆಯಿಲ್ ಕೂಡ ಇಲ್ಲದೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ದಡದಿಂದ ಎಂಟು ಹತ್ತು ಕಿ.ಮೀ. ಆಚೆ ಎಂಜಿನ್ ನಿಂತರೆ ಏನಾಗುತ್ತದೆಂದು ಮೀನುಗಾರನ ಮನೆಯವರಿಗೆ ಗೊತ್ತು. ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದೆ ಯಾವ ಎಂಜಿನ್ ಅನ್ನೂ ಮಾರಬಾರದು. ಟ್ಯಾಂಕಿನಲ್ಲಿ ವಾರಗಟ್ಟಲೆ ಪೆಟ್ರೋಲ್ ಉಳಿಸಬಾರದು. ಕೊಳ್ಳುವ ಮಾದರಿ ಈ ಪೆಟ್ರೋಲಿಗೆ ತಕ್ಕುದೆಂದು ಕಂಪನಿಯಿಂದ ಬರಹದಲ್ಲೇ ಪಡೆಯಬೇಕು.

ಪೆಟ್ರೋಲೇ ಬೇಡವೆಂದರೆ ಬ್ಯಾಟರಿ ಎಂಜಿನ್ ಇದೆಯಲ್ಲ ಎನ್ನಬಹುದು. ಅದು ಕಾಳಿ, ಶರಾವತಿ ಹಿನ್ನೀರಲ್ಲಿ ಗಾಳ ಹಾಕುವ ಪಾತಿ ದೋಣಿಗೆ ಆದೀತು. ಕಡಲಿಗೆ ಸದ್ಯಕ್ಕಂತೂ ಆಗದು, ಬ್ಯಾಟರಿಯ ಭಾರವೇ ಅಡ್ಡಿ.

ರಿಪೇರಿಯ ಭಯಕ್ಕೆ ಉತ್ತರ ಪಕ್ಕದಲ್ಲೇ ಇದೆ. ಕೇರಳದಲ್ಲಿ 1980ರ ದಶಕದಲ್ಲಿ ಔಟ್‌ಬೋರ್ಡ್ ಎಂಜಿನ್ ಹಬ್ಬಿದಾಗ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ ಎಂಜಿನ್ ತರಿಸಿಕೊಡುವುದರ ಜೊತೆಗೆ ಮೀನುಗಾರರ ಊರುಗಳಲ್ಲೇ ರಿಪೇರಿ ವರ್ಕ್‌ಶಾಪ್‌ಗಳನ್ನೂ ತೆರೆಯಿತು. ನಮ್ಮಲ್ಲೂ ಮೀನುಗಾರರ ಸಹಕಾರ ಸಂಘಗಳಿಗೆ ಬಲವಾದ ಬೇರುಗಳಿವೆ. ಬೈಂದೂರು, ಹೊನ್ನಾವರ, ಕಾರವಾರ, ಮಲ್ಪೆಗಳಲ್ಲಿ ಸಂಘದ್ದೇ ಒಂದೊಂದು ವರ್ಕ್‌ಶಾಪ್, ಬಿಡಿಭಾಗಗಳ ದಾಸ್ತಾನು, ನಾಲ್ಕಾರು ಅಳತೆಯ ಫ್ಯಾನ್‌ಗಳು, ಒಂದು ಆರ್‌ಪಿಎಂ ಮೀಟರ್ ಇರಲಿ. ಹೊಸ ಎಂಜಿನ್ ಕೂರಿಸಿದ ದೋಣಿ ಬಲೆ ತುಂಬಿಕೊಂಡು ಒಮ್ಮೆ ಓಡಿ ತೋರಿಸಲಿ. ಸುತ್ತು ಏರದಿದ್ದರೆ ಫ್ಯಾನ್ ಬದಲಿಸಿ ಕೊಡಲಿ. ಸಹಾಯಧನದ ಕಂತು ಬಿಡುಗಡೆಗೆ ಬಿಲ್ಲಿನ ಜೊತೆ ಆ ಪರೀಕ್ಷೆಯ ಹಾಳೆಯನ್ನೂ ಮೀನುಗಾರಿಕೆ ಇಲಾಖೆ ಕೇಳಲಿ, ಫ್ಯಾನ್ ಮತ್ತು ಫಿಲ್ಟರ್‌ನ ಖರ್ಚನ್ನು ಸಹಾಯಧನದೊಳಗೇ ಸೇರಿಸಲಿ. ಯಾಂತ್ರೀಕೃತ ಬೋಟುಗಳ ಡೀಸೆಲ್‌ಗೆ ರಾಜ್ಯ ಮಾರಾಟ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತಿದೆ. ಸೀಮೆಎಣ್ಣೆಯನ್ನು ಬಿಡಿ ಎಂದು ನಾಡದೋಣಿಯವರಿಗೆ ಹೇಳುವ ಸರ್ಕಾರ ಅವರು ಸುರಿಯುವ ಪೆಟ್ರೋಲಿಗೂ ಅದೇ ನ್ಯಾಯವನ್ನು, ಮುಂದಿನ ಜೂನ್ ಒಳಗಾಗಿ, ಅನ್ವಯಿಸಬೇಕು.