ತಾರಸಿಯ ಮೇಲೆ ಕ್ಷಿಪಣಿ: ನೆರೆಯವರಿಗೂ ಒಂದು ಮಾತಿದೆ

2012ರ ಏಪ್ರಿಲ್ ಕೊನೆಯಲ್ಲಿ ಪೂರ್ವ ಲಂಡನ್ನಿನ ಬೋ ಕ್ವಾರ್ಟರ್ ಎಂಬ ವಸತಿ ಸಮುಚ್ಚಯದ ಮನೆಮನೆಗೂ ಒಂದು ಕರಪತ್ರ ಬಂತು. ಒಲಿಂಪಿಕ್ಸ್ ನಡೆಯುವಾಗ ಆ ಆವರಣದ ಹಳೆಯ ನೀರಿನ ಗೋಪುರದ ಮೇಲೆ, ವಿಮಾನ ಹೊಡೆದುರುಳಿಸುವ ಕ್ಷಿಪಣಿಗಳೊಂದಿಗೆ ಸೈನಿಕರು ಇರಬಹುದು ಎಂದು ಅದು ತಿಳಿಸಿತು. ಅದು ಒಪ್ಪಿಗೆ ಕೇಳುವ ಕಾಗದವಾಗಿರಲಿಲ್ಲ. ಜುಲೈ ಆರಂಭದಲ್ಲಿ ಸರ್ಕಾರ ಆರು ಜಾಗಗಳನ್ನು ಅಂತಿಮಗೊಳಿಸಿತು. ನಾಲ್ಕು ಕಡೆ ಬಯಲು, ಹೊಲ, ಜಲಾಶಯದ ಅಂಚಿನಂಥ ತೆರೆದ ನೆಲ. ಉಳಿದ ಎರಡು ಕಡೆ ಜನ ವಾಸಿಸುವ ಕಟ್ಟಡಗಳೇ: ಒಂದು ಬೋ ಕ್ವಾರ್ಟರಿನದು, ಇನ್ನೊಂದು ಲೇಟನ್‌ಸ್ಟೋನ್‌ನ ಫ್ರೆಡ್ ವಿಗ್ ಟವರ್ ಎಂಬ ಬಹುಮಹಡಿ ಸರ್ಕಾರಿ ವಸತಿ ಕಟ್ಟಡ.

ಇಡೀ ದೇಶದ ಹಬ್ಬಕ್ಕೆ ಬೇಕಾದ ಕಾವಲಿನ ಭಾರವನ್ನು ಕೆಲವೇ ಮನೆಗಳ ಮೇಲೆ ಹೊರಿಸುವಾಗ, ಆ ಮನೆಯವರಿಗೆ ತಿಳಿಸಿದರೆ ಸಾಕೇ, ಅವರನ್ನು ಕೇಳಲೂ ಬೇಕೇ? ಕೇಳಲೇಬೇಕು ಎಂಬುದು ನನ್ನ ದೃಢವಾದ ನಿಲುವು.

ಭದ್ರತೆ ಅನಗತ್ಯವೆಂದು ನಾನು ಹೇಳುತ್ತಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಗ್ರಾಮಕ್ಕೆ ನುಗ್ಗಿದ ಉಗ್ರರ ಕೃತ್ಯಕ್ಕೆ ಇಸ್ರೇಲ್ ತಂಡದ 11 ಮಂದಿ ಬಲಿಯಾದರು. ತನ್ನ ಹಳೆಯ ಸೇನಾ ಮುಖವನ್ನು ಜಗತ್ತಿಗೆ ತೋರಿಸಬಾರದೆಂದು ಆಗಿನ ಪಶ್ಚಿಮ ಜರ್ಮನಿ ಕಾವಲನ್ನು ಬೇಕೆಂದೇ ಸಡಿಲವಾಗಿಟ್ಟಿತ್ತು. ಲಂಡನ್ನಿಗೆ ಒಲಿಂಪಿಕ್ಸ್ ಒಲಿದದ್ದು 2005ರ ಜುಲೈ 6ರಂದು. ಮರುದಿನವೇ ಅಲ್ಲಿನ ಸುರಂಗ ರೈಲು ಮತ್ತು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಮಂದಿ ಸತ್ತರು. 2001ರ ಸೆಪ್ಟೆಂಬರಿನ ನಂತರ ಪ್ರಯಾಣಿಕರ ವಿಮಾನವೂ ಆಯುಧವಾಗಬಲ್ಲದೆಂದು ಜಗತ್ತಿಗೇ ಗೊತ್ತು. ಇಷ್ಟನ್ನು ಕಂಡ ಸರ್ಕಾರ ಆಕಾಶದತ್ತ ಕಣ್ಣಿಟ್ಟಿದ್ದರಲ್ಲಿ ತಪ್ಪಿಲ್ಲ. ನಾರ್ತೋಲ್ಟ್ ನೆಲೆಗೆ ಟೈಫೂನ್ ಯುದ್ಧವಿಮಾನಗಳು ಬಂದವು, ಥೇಮ್ಸ್ ನದಿಯಲ್ಲಿ ಎಚ್‌ಎಂಎಸ್ ಓಷನ್ ಎಂಬ ಯುದ್ಧನೌಕೆ ಲಂಗರು ಹಾಕಿತು. ಇದನ್ನೆಲ್ಲ ಸಾಮಾನ್ಯ ನಾಗರಿಕರು ಒಪ್ಪಿಕೊಂಡರು. ಆದರೆ ನದಿಯಲ್ಲಿ ನಿಂತ ನೌಕೆ ಬೇರೆ, ಮಕ್ಕಳು ಮಲಗುವ ಕೋಣೆಯ ನೆತ್ತಿಯ ಮೇಲೆ ನಿಂತ ಕ್ಷಿಪಣಿ ಬೇರೆ.

ಫ್ರೆಡ್ ವಿಗ್ ಟವರಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ತಮ್ಮನ್ನು ಕೇಳದೆ ತೀರ್ಮಾನ ಮಾಡಲಾಗಿದೆ, ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆಯಾಗಿದೆ, ಕ್ಷಿಪಣಿ ಇರುವುದರಿಂದಲೇ ತಮ್ಮ ಕಟ್ಟಡ ಉಗ್ರರ ಗುರಿಯಾಗಬಹುದು ಎಂಬುದು ಅವರ ವಾದ. ಅಂಥ ಅಪಾಯ ನಂಬುವಂಥದ್ದಲ್ಲ ಎಂದು ರಕ್ಷಣಾ ಇಲಾಖೆ ಉತ್ತರಿಸಿತು. ಜುಲೈ 10ರಂದು ನ್ಯಾಯಾಲಯ ನಿವಾಸಿಗಳ ಮನವಿಯನ್ನು ತಳ್ಳಿಹಾಕಿತು. ರಾಷ್ಟ್ರರಕ್ಷಣೆಯ ತಜ್ಞರ ತೀರ್ಮಾನದಲ್ಲಿ ತಾನು ಕೈಹಾಕಲಾಗದು, ನಿವಾಸಿಗಳೊಡನೆ ಸಮಾಲೋಚಿಸುವ ಕಾನೂನುಬದ್ಧ ಹೊಣೆಯೂ ಇಲಾಖೆಗಿಲ್ಲ ಎಂಬುದು ತೀರ್ಪಿನ ತಿರುಳು.

ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ನ್ಯಾಯದ ಪ್ರಶ್ನೆ ಮುಗಿಯಲಿಲ್ಲ. ಕೇಳದಿರುವುದಕ್ಕೆ ಆಡಳಿತಗಾರರು ಸಾಮಾನ್ಯವಾಗಿ ಮೂರು ಕಾರಣ ಕೊಡುತ್ತಾರೆ.

ಮೊದಲನೆಯದು ಗೋಪ್ಯತೆ. ಸೇನೆಯ ಯೋಜನೆಯನ್ನು ಬೀದಿಯಲ್ಲಿ ಚರ್ಚಿಸಲಾಗದು ಎನ್ನುತ್ತಾರೆ. ಲಂಡನ್ನಿನಲ್ಲಿ ಈ ಮಾತು ನಿಲ್ಲುವುದಿಲ್ಲ. ಕ್ಷಿಪಣಿ ಯಾವ ಕಟ್ಟಡದ ಮೇಲೆ ಎಂಬುದು ಪತ್ರಿಕೆಗಳಲ್ಲಿ ಬಂದಿತ್ತು, ಮೇ ತಿಂಗಳಲ್ಲಿ ಎಲ್ಲರ ಕಣ್ಣೆದುರೇ ತಾಲೀಮು ನಡೆದಿತ್ತು. ಶತ್ರುವನ್ನು ಹೆದರಿಸಲು ಜಗತ್ತಿಗೇ ತೋರಿಸಿದ ಆಯುಧವನ್ನು ಅದರ ಕೆಳಗೆ ಬದುಕುವವರ ಜೊತೆ ಮೊದಲೇ ಮಾತಾಡಲಾಗದಷ್ಟು ಗುಟ್ಟೆಂದು ಹೇಳುವುದು ಹೇಗೆ?

ಎರಡನೆಯದು ತಜ್ಞತೆ. ಯಾವ ಎತ್ತರದಿಂದ ಆಕಾಶ ಚೆನ್ನಾಗಿ ಕಾಣುತ್ತದೆ ಎಂಬುದು ಸೈನಿಕನಿಗೆ ಗೊತ್ತು, ಒಪ್ಪೋಣ. ಆದರೆ ಎಂಟನೇ ಮಹಡಿಯ ಹೃದ್ರೋಗಿ ಯಾರು, ಯುದ್ಧದಿಂದ ಓಡಿಬಂದು ಸಮವಸ್ತ್ರ ಕಂಡರೆ ನಡುಗುವವರು ಯಾರು ಎಂಬುದು ಅವನಿಗೆ ಗೊತ್ತಿಲ್ಲ. ಅದು ನಿವಾಸಿಗಳಿಗಷ್ಟೇ ಇರುವ ಅರಿವು. ಅದನ್ನು ಬಿಟ್ಟು ಮಾಡಿದ ತೀರ್ಮಾನ ಅರೆಬರೆಯಾದ ತೀರ್ಮಾನವೇ.

ಮೂರನೆಯದು ಅವಧಿ. ಎಲ್ಲ ಕೆಲವು ವಾರಗಳ ಮಾತು, ಸಹಿಸಿಕೊಳ್ಳಿ ಎನ್ನುತ್ತಾರೆ. ಲಂಡನ್ನಿನಲ್ಲಿ ಕ್ಷಿಪಣಿ ಹಾರಲಿಲ್ಲ, ಕ್ರೀಡಾಕೂಟ ಮುಗಿದ ಮೇಲೆ ಸೈನಿಕರು ಹೊರಟುಹೋದರು. ಎಲ್ಲೆಡೆಯೂ ಹೀಗೇ ಆಗಿಲ್ಲ. ರಿಯೊ ಡಿ ಜನೈರೊದ ಮಾರೆ ಎಂಬ ಬಡವರ ಬಡಾವಣೆಗಳಿಗೆ 2014ರ ಏಪ್ರಿಲ್‌ನಲ್ಲಿ, ವಿಶ್ವಕಪ್ ಫುಟ್‌ಬಾಲ್ ಹತ್ತಿರವಿದ್ದಾಗ, ಬ್ರೆಜಿಲ್ ಸೇನೆ ಕಾಲಿಟ್ಟಿತು. ಜುಲೈನಲ್ಲಿ ಕಪ್ ಮುಗಿಯಿತು. ಸೇನೆ ಅಲ್ಲಿಂದ ಹೊರಟದ್ದು 2015ರ ಜೂನ್ ಕೊನೆಗೆ. ಪ್ಯಾರಿಸ್ ಒಲಿಂಪಿಕ್ಸಿಗೆಂದು ಫ್ರಾನ್ಸ್ 2023ರಲ್ಲಿ ಮಾಡಿದ ಕಾಯ್ದೆ, ಜನಜಂಗುಳಿಯ ಮೇಲೆ ಕಂಪ್ಯೂಟರ್ ಸೂತ್ರಗಳಿಂದ ನಿಗಾ ಇಡುವ ಕ್ಯಾಮೆರಾಗಳಿಗೆ 2025ರ ಮಾರ್ಚ್‌ವರೆಗೆ ಅನುಮತಿ ಕೊಟ್ಟಿತು. ಕ್ರೀಡಾಕೂಟ ಮುಗಿದದ್ದು 2024ರಲ್ಲೇ. ತಾತ್ಕಾಲಿಕವೆಂದು ಒಳಬಂದ ವ್ಯವಸ್ಥೆ ಯಾವಾಗ ಹೊರಡುತ್ತದೆಂದು ಕೇಳುವ ಹಕ್ಕು ಅದನ್ನು ಸಹಿಸಿಕೊಳ್ಳುವವರಿಗೆ ಇರಲೇಬೇಕು.

ಕೇಳುವುದೆಂದರೆ ಪ್ರತಿ ಮನೆಗೂ ತಡೆಯೊಡ್ಡುವ ಅಧಿಕಾರ ಕೊಡುವುದಲ್ಲ. ಒಬ್ಬರು ಬೇಡವೆಂದರೆ ನಗರದ ರಕ್ಷಣೆಯನ್ನೇ ಕೈಬಿಡಲಾಗದು. ತೀರ್ಮಾನಕ್ಕೆ ಮೊದಲು ನಿವಾಸಿಗಳ ಸಭೆ ನಡೆಯಬೇಕು. ಬೇರೆ ಜಾಗ ಏಕೆ ಆಗದು ಎಂಬುದಕ್ಕೆ ಉತ್ತರ ಸಿಗಬೇಕು. ಆಯುಧದ ಕೆಳಗೆ ಇರಲಾರೆ ಎಂದವರಿಗೆ ಅಷ್ಟು ದಿನ ಸರ್ಕಾರಿ ಖರ್ಚಿನಲ್ಲಿ ಬೇರೆ ವಸತಿ ಸಿಗಬೇಕು. ಹಾನಿಯಾದರೆ ಪರಿಹಾರ ಯಾರ ಹೊಣೆ, ಸೇನೆ ಹೊರಡುವ ದಿನ ಯಾವುದು ಎಂಬುದು ಬರಹದಲ್ಲಿರಬೇಕು. ಸಾವಿರಾರು ಕೋಟಿ ಸುರಿಯುವ ಕ್ರೀಡಾಕೂಟಕ್ಕೆ ಇವು ಯಾವುವೂ ದೊಡ್ಡ ಖರ್ಚಲ್ಲ. ಮೇಲಾಗಿ, ವಿಶ್ವಾಸಕ್ಕೆ ತೆಗೆದುಕೊಂಡ ನೆರೆಯವರು ಅನುಮಾನದ ವಸ್ತು ಕಂಡಾಗ ಮೊದಲು ಸುಳಿವು ಕೊಡುವವರಾಗುತ್ತಾರೆ. ದೂರ ತಳ್ಳಿಸಿಕೊಂಡವರು ಬಾಗಿಲು ಹಾಕಿಕೊಳ್ಳುತ್ತಾರೆ.

ಈ ಪ್ರಶ್ನೆ ಈಗ ನಮ್ಮದೂ ಹೌದು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನಲ್ಲಿ ನಡೆಯಲಿದೆ. 2036ರ ಒಲಿಂಪಿಕ್ಸ್ ನಡೆಸಲೂ ಭಾರತ ಆಸಕ್ತಿ ತೋರಿದೆ. ಕ್ರೀಡಾಂಗಣದ ನಕ್ಷೆ, ಪದಕಗಳ ಕನಸು ಎಲ್ಲವೂ ಚರ್ಚೆಯಾಗುತ್ತಿರುವ ಈ ಹೊತ್ತಿನಲ್ಲೇ ಕ್ರೀಡಾಂಗಣದ ಸುತ್ತ ಬದುಕುವವರ ಹಕ್ಕುಗಳೂ ಚರ್ಚೆಯಾಗಲಿ. ಕಾವಲು ಬಂದು ನಿಂತ ಮೇಲೆ ಕೋರ್ಟಿಗೆ ಹೋದರೆ ಸಿಗುವ ಉತ್ತರ ಯಾವುದೆಂದು ಲಂಡನ್ ತೋರಿಸಿಕೊಟ್ಟಿದೆ. ಆದ್ದರಿಂದ ನೆರೆಯವರೊಡನೆ ಸಮಾಲೋಚಿಸುವ ಹೊಣೆಯನ್ನು ಆಯೋಜನೆಯ ಕಾನೂನಿನಲ್ಲಿ ಮೊದಲೇ ಬರೆದಿಡಬೇಕು. ಅದನ್ನು ಇಂದಿನಿಂದಲೇ ಒತ್ತಾಯಿಸುವುದು ನಾಗರಿಕರಾದ ನಮ್ಮ ಕೆಲಸ.