ತೋಳು ಬದಲಿಸುವ ಮುನ್ನ

ಸಂಗೀತಪ್ರಿಯರ ಬಾಳಿನಲ್ಲಿ ಒಂದು ಘಟ್ಟವುಂಟು. ಒಳ್ಳೆಯ ಟರ್ನ್‌ಟೇಬಲ್ ಮನೆಗೆ ಬಂದಾಗಿದೆ; ಧ್ವನಿಮುದ್ರಿಕೆಗಳು ಕಪಾಟನ್ನು ತುಂಬಿವೆ; ಕೇಳುತ್ತ ಕೇಳುತ್ತ ಕಿವಿ ಸೂಕ್ಷ್ಮವಾಗಿ, ತೃಪ್ತಿ ಮಾತ್ರ ಕುಗ್ಗುತ್ತ ಬಂದಿದೆ. ಆಗ ದೃಷ್ಟಿ ಬೀಳುವುದು ಮುಳ್ಳನ್ನು ಹೊತ್ತು ನಿಂತ ಆ ಸಣ್ಣ ತೋಳಿನ ಮೇಲೆ. ಇದಕ್ಕಿಂತ ಉತ್ತಮವಾದ ಟೋನ್‌ಆರ್ಮ್ ಒಂದನ್ನು ಕೊಂಡರೆ ಹೇಗೆ? ಮೇಲ್ದರ್ಜೆಯ ತೋಳಿನ ಬೆಲೆ ಲಕ್ಷ ರೂಪಾಯಿಯನ್ನು ಸುಲಭವಾಗಿ ದಾಟುತ್ತದೆಯಾದ್ದರಿಂದ, ಇದು ರಸಿಕತೆಯ ಪ್ರಶ್ನೆಯಾಗಿರುವಷ್ಟೇ ಸಂಸಾರದ ಪ್ರಶ್ನೆಯೂ ಹೌದು.

ತೋಳಿನ ಕೆಲಸ ನೋಡಲು ಅತಿ ಸರಳ. ಮುದ್ರಿಕೆಯ ಒಂದು ಬದಿ ಮುಗಿಯುವ ಇಪ್ಪತ್ತು ನಿಮಿಷಗಳಲ್ಲಿ ಅದು ಒಳಕ್ಕೆ ಸಾಗುವುದು ಸುಮಾರು ೮.೫ ಸೆಂಟಿಮೀಟರು ಮಾತ್ರ. ಈ ಮಂದಗತಿಗೆ ಅದರ ಕೀಲು ಕಿಂಚಿತ್ತೂ ಅಡ್ಡಿಮಾಡಬಾರದು. ಆದರೆ ಗೀರಿನ ಗೋಡೆಗಳು ಮುಳ್ಳನ್ನು ಸೆಕೆಂಡಿಗೆ ಸಾವಿರಾರು ಬಾರಿ ನಡುಗಿಸುವಾಗ ತೋಳು ಮಾತ್ರ ನಡುಗಕೂಡದು. ಅದು ನಡುಗಿದಷ್ಟೂ ಸಂಗೀತಕ್ಕೆ ನಷ್ಟ.

ಇನ್ನೊಂದು ತೊಡಕೂ ಇದೆ. ಮೂಲ ಮುದ್ರಿಕೆಯನ್ನು ಕೊರೆಯುವ ಯಂತ್ರದ ಉಳಿ ನೇರ ರೇಖೆಯಲ್ಲಿ ಚಲಿಸುತ್ತದೆ. ಕೀಲಿನ ಮೇಲೆ ತಿರುಗುವ ತೋಳು ಕಮಾನಿನಂತೆ ಸಾಗುತ್ತದೆ. ಆದಕಾರಣ ಅಂತಹ ತೋಳು ಎಷ್ಟೇ ಬೆಲೆಯದಾಗಿರಲಿ, ಸರಿಯಾಗಿ ಅಳವಡಿಸಿದಾಗಲೂ ಮುಳ್ಳು ಗೀರಿಗೆ ತಕ್ಕ ಕೋನದಲ್ಲಿ ನಿಲ್ಲುವುದು ಇಡೀ ಬದಿಯಲ್ಲಿ ಎರಡೇ ಸ್ಥಾನಗಳಲ್ಲಿ. ಅಳವಡಿಕೆ ಒಂದೆರಡು ಮಿಲಿಮೀಟರು ತಪ್ಪಿದರೆ ದುಬಾರಿಯ ತೋಳೂ ಅಪಸ್ವರ ನುಡಿದೀತು.

ಇಂಗ್ಲೆಂಡಿನ ಅಲಾಸ್ಟೇರ್ ರಾಬರ್ಟ್‌ಸನ್-ಐಕ್‌ಮನ್ ೧೯೪೬ರಲ್ಲಿ ಕಟ್ಟಿದ ಸಂಸ್ಥೆ ಮೊದಲು ತಯಾರಿಸುತ್ತಿದ್ದುದು ಪುಟ್ಟ ಮಾದರಿ ಯಂತ್ರಗಳ ಭಾಗಗಳನ್ನು. ೧೯೫೯ರಲ್ಲಿ ತಮ್ಮ ಸ್ವಂತ ಉಪಯೋಗಕ್ಕೆಂದು ಅವರು ಮಾಡಿಸಿದ ತೋಳಿನಿಂದಲೇ ಎಸ್‌ಎಮ್‌ಇ ಹೆಸರು ಲೋಕಪ್ರಸಿದ್ಧವಾಯಿತು. ಈ ಸಂಸ್ಥೆಯ ಹಗುರವಾದ ಹಳೆಯ ತೋಳುಗಳು ಮೆತ್ತನೆಯ ಮುಳ್ಳಿನ ಕಾರ್ಟ್ರಿಜ್‌ಗಳಿಗೆ ಹೇಳಿಮಾಡಿಸಿದಂತಿದ್ದವು. ೧೯೬೦ರ ದಶಕದಲ್ಲಿ ಜಪಾನಿನ ಪ್ರಸಾರ ಸಂಸ್ಥೆಗಾಗಿ ರೂಪುಗೊಂಡ ಡೆನಾನ್ ಡಿಎಲ್-೧೦೩ರ ಮುಳ್ಳು ಬಿಗಿಯಾದುದು. ಅದಕ್ಕೆ ಒಗ್ಗುವುದು ಭಾರವಾದ ತೋಳು. ಎರಡೂ ಉತ್ತಮ ವಸ್ತುಗಳೇ. ಆದರೆ ಜಾತಕ ಕೂಡಬೇಕು. ತೋಳಿನ ಭಾರವೂ ಮುಳ್ಳಿನ ಮೃದುತ್ವವೂ ಸೇರಿ ಹುಟ್ಟುವ ಸಹಜ ಕಂಪನ ಸೆಕೆಂಡಿಗೆ ೮ರಿಂದ ೧೨ರೊಳಗೆ ಇದ್ದರೆ ಕ್ಷೇಮ. ಅದಕ್ಕಿಂತ ಕೆಳಗಿಳಿದರೆ ಡೊಂಕಾದ ಮುದ್ರಿಕೆ ತೋಳನ್ನು ತೂಗಾಡಿಸುತ್ತದೆ; ಬಹಳ ಮೇಲೇರಿದರೆ ಸಂಗೀತದ ಮಂದ್ರಸ್ಥಾಯಿಯೇ ಅದನ್ನು ಕೆಣಕುತ್ತದೆ.

ಹಾಗಾದರೆ ಕೊಳ್ಳುವುದೋ, ಬಿಡುವುದೋ? ಮೊದಲು ಮುಳ್ಳನ್ನು ಪರೀಕ್ಷಿಸಿರಿ. ವಜ್ರಕ್ಕೂ ಸವೆತವುಂಟು, ಐನೂರರಿಂದ ಸಾವಿರ ಗಂಟೆಗಳ ಆಯುಸ್ಸು ಎಂಬುದು ಸಾಮಾನ್ಯ ಲೆಕ್ಕ. ಬಳಿಕ ಕೋನವನ್ನೂ ಮುಳ್ಳಿನ ಮೇಲಿನ ಭಾರವನ್ನೂ ಅಳೆಯಿರಿ. ಇವೆರಡಕ್ಕೂ ಬೇಕಾದ ಸಾಧನಗಳಿಗೆ ತೋಳಿನ ಬೆಲೆಯ ಒಂದು ಚೂರೂ ತಗಲದು. ಆಮೇಲೆ ಪರಿಚಿತವಾದ ಹಿಂದೂಸ್ತಾನಿ ಮುದ್ರಿಕೆಯೊಂದನ್ನು ಹಾಕಿ, ಬದಿಯ ಕೊನೆಯನ್ನು ಗಮನವಿಟ್ಟು ಕೇಳಿರಿ. ಅಂಚಿನಲ್ಲಿ ಒಂದು ಸುತ್ತಿಗೆ ಸುಮಾರು ೯೦ ಸೆಂಟಿಮೀಟರು ಗೀರು ದೊರೆತರೆ, ಒಳಗೆ ದೊರೆಯುವುದು ೪೦ಕ್ಕೂ ಕಡಿಮೆ. ವಿಲಂಬಿತದಿಂದ ಹೊರಟ ಗಾಯನ ದ್ರುತಕ್ಕೇರುವುದು ಈ ಇಕ್ಕಟ್ಟಿನಲ್ಲಿಯೇ. ತಾನಗಳು ಅಲ್ಲಿ ಬಿಡಿಬಿಡಿಯಾಗಿ ಕೇಳಿಸಿದರೆ, ಇರುವ ತೋಳನ್ನೇ ಇಟ್ಟುಕೊಳ್ಳಿರಿ. ಎಲ್ಲವನ್ನೂ ಸರಿಪಡಿಸಿದ ಮೇಲೂ ಸ್ವರ ಒಡೆಯುತ್ತಿದ್ದರೆ, ಕೀಲಿನಲ್ಲಿ ಸಡಿಲವೋ ಬಿಗಿತವೋ ಕಂಡುಬಂದರೆ, ಅಥವಾ ಮುಳ್ಳಿಗೂ ತೋಳಿಗೂ ಹೊಂದಿಕೆಯೇ ಇಲ್ಲವಾದರೆ, ಸಂಕೋಚಪಡದೆ ಹೊಸದನ್ನು ಕೊಳ್ಳಿರಿ.

ಇಷ್ಟೊಂದು ವಿಚಾರವೇಕೆಂದು ಮನೆಯವರು ಕೇಳಬಹುದು. ಸವೆದ ಮುಳ್ಳೂ ತಪ್ಪಾಗಿ ಕೂಡಿಸಿದ ತೋಳೂ ಗೀರಿನ ಗೋಡೆಯನ್ನು ಪ್ರತಿಸಲವೂ ಇಷ್ಟಿಷ್ಟೇ ಕೆತ್ತುತ್ತವೆ. ಹಾಗೆ ಕೆತ್ತಿಹೋದುದು ಮರಳಿ ಬಾರದು. ಮಲ್ಲಿಕಾರ್ಜುನ ಮನ್ಸೂರರು ೧೯೯೨ರಲ್ಲಿಯೂ ಗಂಗೂಬಾಯಿ ಹಾನಗಲ್ಲರು ೨೦೦೯ರಲ್ಲಿಯೂ ನಮ್ಮನ್ನು ಅಗಲಿದರು. ಅವರ ಹಳೆಯ ಮುದ್ರಿಕೆಯೊಂದು ನಿಮ್ಮ ಕಪಾಟಿನಲ್ಲಿದ್ದರೆ, ಹೊಸ ತೋಳಿನ ಮಾತು ಇನ್ನೊಂದು ತಿಂಗಳು ತಡೆಯಲಿ. ಮುಳ್ಳಿನ ಪರೀಕ್ಷೆ ಮಾತ್ರ ಈ ಭಾನುವಾರವೇ ಆಗಲಿ.